ಹ್ಯಾರಿಯ ಅಣ್ಣ: ಪ್ರತಿ ಡಿಸೆಂಬರ್ ನಾವು ನೋಡೋ ಒಂದು ಸಿನಿಮಾ

ಎಲ್ಲರಿಗೂ ನಮಸ್ಕಾರ. ಹೊರಗೆ ಈ ಪರಿ ಹಿಮ ಬೀಳ್ತಾ ಇದ್ರೂ ಮಕ್ಕಳುಮರಿ ಕಟ್ಕೊಂಡು ಬಂದಿದೀರಿ, ಹಿರಿಯರೂ ಬಂದಿದಾರೆ, ನೋಡಿ ತುಂಬಾ ಖುಷಿ ಆಯ್ತು. ಬಳಗದವರು ಫೋನ್ ಮಾಡಿ ಡಿಸೆಂಬರ್ ಕೂಟಕ್ಕೆ ಅರ್ಧ ಗಂಟೆ ಏನಾದ್ರೂ ಮಾತಾಡಿ ಅಂದಾಗ ನಾನು ಹಿಂದೆಮುಂದೆ ನೋಡ್ದೆ ಒಂದು ಸಿನಿಮಾ ಹೆಸರು ಹೇಳ್ಬಿಟ್ಟೆ. ಇಟ್ಸ್ ಎ ವಂಡರ್‌ಫುಲ್ ಲೈಫ್. 1946ರ ಕಪ್ಪುಬಿಳುಪು ಸಿನಿಮಾ, ಫ್ರಾಂಕ್ ಕಾಪ್ರಾ ಡೈರೆಕ್ಟರು, ಜೇಮ್ಸ್ ಸ್ಟೀವರ್ಟ್ ಹೀರೋ.

ನಾವು ಅಮೆರಿಕದ ಈ ರಾಚೆಸ್ಟರ್‌ಗೆ ಬಂದ ಎರಡನೇ ವರ್ಷ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಅಂಗಡಿ ಎಲ್ಲ ಬಂದ್, ರಸ್ತೇಲಿ ನರಪಿಳ್ಳೆ ಇಲ್ಲ, ಸುಮ್ನೆ ಟೀವಿ ಹಾಕಿದ್ವಿ, ಎನ್‌ಬಿಸಿಲಿ ಇದು ಬರ್ತಿತ್ತು. ಅವತ್ತಿಂದ ಒಂದು ವರ್ಷಾನೂ ತಪ್ಪಿಸಿಲ್ಲ. 24ರ ರಾತ್ರಿ ಊಟ ಬೇಗ ಮುಗಿಸ್ತೀವಿ, ನನ್ ಹೆಂಡ್ತಿ ದೊಡ್ಡ ಬೇಸನ್‌ನಲ್ಲಿ ಚುರುಮುರಿ ಕಲಸ್ತಾಳೆ, ಕಂಬಳಿ ಹೊದ್ಕೊಂಡು ಮೂರೂ ಜನ ಒಂದೇ ಸೋಫಾದಲ್ಲಿ ಕೂರ್ತೀವಿ. ಮಗಳು ಹುಟ್ಟೋಕೆ ಮುಂಚೆ ಇಬ್ರೇ ನೋಡ್ತಿದ್ವಿ, ಈಗ ಅವಳಿಗೆ ಡೈಲಾಗ್ ಎಲ್ಲ ಬಾಯಿಪಾಠ.

ನೋಡ್ದೇ ಇರೋರಿಗೋಸ್ಕರ ಕತೆ ಹೇಳ್ಬಿಡ್ತೀನಿ. ಬೆಡ್‌ಫರ್ಡ್ ಫಾಲ್ಸ್ ಅಂತ ಒಂದು ಸಣ್ಣ ಊರು, ಇದೇ ನಮ್ ನ್ಯೂಯಾರ್ಕ್ ರಾಜ್ಯದ್ದು, ಕಾಲ್ಪನಿಕ. ಅಲ್ಲಿ ಜಾರ್ಜ್ ಬೇಯ್ಲಿ ಅಂತ ಹುಡುಗ, ಅವನಿಗೆ ಊರು ಬಿಟ್ಟು ಪ್ರಪಂಚ ಸುತ್ತಬೇಕು, ಸೇತುವೆ ಕಟ್ಟಬೇಕು, ದೊಡ್ಡ ದೊಡ್ಡ ಬಿಲ್ಡಿಂಗ್ ಕಟ್ಟಬೇಕು ಅಂತ ಆಸೆ. ಅವನಪ್ಪ ನಡೆಸ್ತಿದ್ದಿದ್ದು ಬಿಲ್ಡಿಂಗ್ ಅಂಡ್ ಲೋನ್ ಅನ್ನೋ ಸಂಸ್ಥೆ, ನಮ್ ಕಡೆ ಸೊಸೈಟಿ ಅಂತೀವಲ್ಲ ಹೆಚ್ಚುಕಮ್ಮಿ ಅದೇ, ಬಡವರು ಕೂಡಿಟ್ಟ ದುಡ್ಡನ್ನ ಬಡವರಿಗೇ ಮನೆ ಕಟ್ಟೋಕೆ ಸಾಲ ಕೊಡೋದು. ಅಪ್ಪ ಸಡನ್ನಾಗಿ ತೀರ್ಕೋತಾರೆ, ಜಾರ್ಜ್ ನಿಂತ್ರೆ ಮಾತ್ರ ಸಂಸ್ಥೆ ಉಳಿಯುತ್ತೆ ಅಂತ ಆಗುತ್ತೆ, ಅವನು ನಿಲ್ತಾನೆ. ವರ್ಷ ವರ್ಷ ನಿಲ್ತಾನೇ ಇರ್ತಾನೆ. ಕೊನೆಗೊಂದು ಕ್ರಿಸ್‌ಮಸ್ ಹಿಂದಿನ ದಿನ ಅವನ ಚಿಕ್ಕಪ್ಪ ಬಿಲ್ಲಿ ಸಂಸ್ಥೆಯ ಎಂಟು ಸಾವಿರ ಡಾಲರ್ ಕಳ್ಕೋತಾರೆ, ಅದು ಊರಿನ ಸಾಹುಕಾರ ಪಾಟರ್ ಕೈಗೆ ಸಿಗುತ್ತೆ, ಪಾಟರ್ ತೆಪ್ಪಗೆ ಇಟ್ಕೋತಾನೆ. ಜಾರ್ಜ್ ಸಾಯೋಕೆ ಅಂತ ಸೇತುವೆ ಮೇಲೆ ಹೋಗಿ ನಿಂತಾಗ ಕ್ಲಾರೆನ್ಸ್ ಅಂತ ಒಬ್ಬ ದೇವದೂತ ಬಂದು, ನೀನು ಹುಟ್ಟೇ ಇರ್ಲಿಲ್ಲ ಅಂದ್ರೆ ಈ ಊರು ಹೆಂಗಿರ್ತಿತ್ತು ನೋಡು ಅಂತ ತೋರಿಸ್ತಾನೆ.

ಎಲ್ರೂ ಇದನ್ನ ದೇವದೂತನ ಸಿನಿಮಾ ಅಂತಾನೇ ಹೇಳೋದು. ಆದ್ರೆ ನೀವು ಗಡಿಯಾರ ಇಟ್ಕೊಂಡು ನೋಡಿ, ಸುಮಾರು ಎರಡು ಗಂಟೆ ಹತ್ತು ನಿಮಿಷದ ಸಿನಿಮಾದಲ್ಲಿ ಕ್ಲಾರೆನ್ಸ್ ನೀರಿಗೆ ಹಾರೋ ಹೊತ್ತಿಗೆ ಒಂದೂವರೆ ಗಂಟೆ ದಾಟಿ ಹೋಗಿರುತ್ತೆ. ಅಲ್ಲಿ ತನಕ ಬರೀ ಊರು. ಔಷಧಿ ಅಂಗಡಿ ಗೋವರ್, ಟ್ಯಾಕ್ಸಿ ಓಡಿಸೋ ಅರ್ನಿ, ಪೊಲೀಸ್ ಬರ್ಟ್, ವಯೊಲೆಟ್, ಮಾರ್ಟಿನಿ ಕುಟುಂಬ. ಮೊದಲ ಸಲ ನೋಡೋವಾಗ ಇವರ ಮುಖ ನೆನಪಿರಲ್ಲ, ಯಾರು ಯಾರು ಅಂತ ಗೊತ್ತಾಗಲ್ಲ. ನಾಲ್ಕನೇ ವರ್ಷಕ್ಕೆ ಗೋವರ್ ಕಂಡ ಕೂಡ್ಲೇ ಅಯ್ಯೋ ಇವರ ಮಗ ತೀರ್ಕೊಂಡಿದಾನೆ, ಇವತ್ತು ಕುಡಿದಿದಾರೆ, ಕ್ಯಾಪ್ಸೂಲ್‌ಗೆ ವಿಷ ತುಂಬಿಸ್ತಿದಾರೆ ಅಂತ ನಮ್ ಎದೆ ಹೊಡ್ಕೊಳ್ಳುತ್ತೆ. ಊರು ಪರಿಚಯ ಆಗೋದು ಹಂಗೇ ಅಲ್ವಾ, ಒಂದೇ ದಿನಕ್ಕೆ ಆಗಲ್ಲ. ಆ ಪರಿಚಯ ಆಗಿದ್ರೆ ಮಾತ್ರ ಕೊನೇಲಿ ಅವರೆಲ್ಲ ಜಾರ್ಜ್‌ನ ಗುರುತೇ ಹಿಡೀದಿದ್ದಾಗ ನಮಗೆ ಹೆದ್ರಿಕೆ ಆಗೋದು.

ವರ್ಷ ವರ್ಷ ನೋಡೋ ಈ ರೂಢಿ ಹೆಂಗೆ ಬಂತು ಅನ್ನೋದೇ ಒಂದು ಕತೆ. ಫಿಲಿಪ್ ವ್ಯಾನ್ ಡೋರೆನ್ ಸ್ಟರ್ನ್ ಅನ್ನೋ ಲೇಖಕರು ಒಂದು ಸಣ್ಣ ಕತೆ ಬರ್ದಿದ್ರು, ಯಾರೂ ಪ್ರಿಂಟ್ ಮಾಡೋಕೆ ಒಪ್ಪಲಿಲ್ಲ, 1943ರಲ್ಲಿ ತಾವೇ 200 ಪ್ರತಿ ಅಚ್ಚು ಹಾಕ್ಸಿ ಕ್ರಿಸ್‌ಮಸ್ ಕಾರ್ಡ್ ಥರ ಸ್ನೇಹಿತರಿಗೆ ಕಳಿಸಿದ್ರು. ಅದು ಆರ್‌ಕೆಓ ಸ್ಟುಡಿಯೋ ಕೈಗೆ ಸಿಕ್ಕಿ, ಅಲ್ಲಿಂದ ಕಾಪ್ರಾ ಕೈಗೆ ಬಂತು. ಶೂಟಿಂಗ್ ಮಾಡಿದ್ದು ಕ್ಯಾಲಿಫೋರ್ನಿಯಾದಲ್ಲಿ, ಅದೂ ಬೇಸಿಗೇಲಿ, ಸುಡು ಬಿಸಿಲು. ಆಗೆಲ್ಲ ಸಿನಿಮಾದಲ್ಲಿ ಹಿಮ ಅಂದ್ರೆ ಕಾರ್ನ್‌ಫ್ಲೇಕ್ಸ್‌ಗೆ ಬಿಳಿ ಬಣ್ಣ ಬಳಿದು ಸುರಿಯೋದು, ಅದ್ರ ಮೇಲೆ ನಡೆದ್ರೆ ಕರಕರ ಸದ್ದು, ಡೈಲಾಗ್ ಎಲ್ಲ ಆಮೇಲೆ ಡಬ್ ಮಾಡ್ಬೇಕಿತ್ತು. ಈ ಸಿನಿಮಾಕ್ಕೆ ಬೆಂಕಿ ಆರಿಸೋ ನೊರೆ, ಸೋಪು, ನೀರು ಸೇರಿಸಿ ಪ್ರೆಷರ್‌ನಲ್ಲಿ ಊದಿಸಿ ಸದ್ದೇ ಇಲ್ಲದ ಹಿಮ ಮಾಡಿದ್ರು, ಅದಕ್ಕೆ ಆಸ್ಕರ್ ಕೊಡೋ ಅಕಾಡೆಮಿಯವರು ಬೇರೆಯಾಗಿ ಒಂದು ತಾಂತ್ರಿಕ ಪ್ರಶಸ್ತಿ ಕೊಟ್ರು. ಸೇತುವೆ ಸೀನಲ್ಲಿ ಸ್ಟೀವರ್ಟ್ ಮುಖ ಸರಿಯಾಗಿ ನೋಡಿ, ಸುತ್ತ ಹಿಮ ಬೀಳ್ತಿದೆ, ಮುಖದ ಮೇಲೆ ಬೆವರು.

ಐದು ಆಸ್ಕರ್ ನಾಮಿನೇಷನ್ ಬಂತು, ಒಂದೂ ಗೆಲ್ಲಲಿಲ್ಲ, ಥಿಯೇಟರ್‌ನಲ್ಲೂ ಹಾಕಿದ ದುಡ್ಡು ಸರಿಯಾಗಿ ಹುಟ್ಟಲಿಲ್ಲ. ಜನ ಮರ್ತೇಬಿಟ್ರು. ಆಮೇಲೆ ಕಾಪಿರೈಟ್‌ನ 28 ವರ್ಷಕ್ಕೆ ನವೀಕರಣ ಮಾಡ್ಬೇಕಿತ್ತು, ಅದನ್ನ ಯಾರೂ ಮಾಡಲಿಲ್ಲ, 1974ರಲ್ಲಿ ಹಕ್ಕು ಹೋಯ್ತು. ಟೀವಿ ಸ್ಟೇಷನ್‌ಗಳಿಗೆ ಅದೇ ಬೇಕಿತ್ತು. ಪುಕ್ಕಟೆ ಸಿನಿಮಾ, ಕ್ರಿಸ್‌ಮಸ್ ಬೇರೆ, ಡಿಸೆಂಬರ್ ಬಂದ್ರೆ ಸಾಕು ಯಾವ ಚಾನೆಲ್ ತಿರುಗಿಸಿದ್ರೂ ಜಾರ್ಜ್ ಬೇಯ್ಲಿ. ಸುಮಾರು ಇಪ್ಪತ್ತು ವರ್ಷ ಹಂಗೇ ನಡೀತು, ಒಂದು ಇಡೀ ತಲೆಮಾರಿನ ಮಕ್ಕಳು ಇದನ್ನ ಮನೇಲಿ ಕೂತು ನೋಡ್ಕೊಂಡು ಬೆಳೆದ್ರು. 1993ರಲ್ಲಿ ರಿಪಬ್ಲಿಕ್ ಪಿಕ್ಚರ್ಸ್‌ನವರು ಮೂಲ ಕತೆಯ ಹಕ್ಕು ಮತ್ತೆ ಸಂಗೀತದ ಹಕ್ಕು ಹಿಡ್ಕೊಂಡು ಸಿನಿಮಾನ ವಾಪಸ್ ತಮ್ಮ ಹತೋಟಿಗೆ ತಗೊಂಡ್ರು. ಅಷ್ಟೊತ್ತಿಗೆ ಅದು ಹಬ್ಬದ ಭಾಗ ಆಗೋಗಿತ್ತು. ಥಿಯೇಟರ್‌ನಲ್ಲಿ ಒಂದ್ಸಲ ನೋಡಿ ಎದ್ದು ಹೋದ ಜನಕ್ಕೆ ಹಿಡಿಸದೆ ಇದ್ದಿದ್ದು, ಮನೇಲಿ ಹತ್ತು ಸಲ ನೋಡಿದವರಿಗೆ ಹಿಡಿಸ್ತು. ನನಗಂತೂ ಇದ್ರಲ್ಲಿ ಆಶ್ಚರ್ಯ ಏನೂ ಇಲ್ಲ.

ಮತ್ತೆ ಮತ್ತೆ ನೋಡಿದಾಗ ಸಿಗೋ ಸಣ್ಣ ಸಣ್ಣ ವಿಷಯ ಎಷ್ಟೋ ಇದೆ. ಜಾರ್ಜ್ ಹುಟ್ಟೇ ಇರದ ಊರನ್ನ ತೋರಿಸೋವಾಗ ಅವನ ತಮ್ಮ ಹ್ಯಾರಿಯ ಸಮಾಧಿ ಕಲ್ಲಿನ ಮೇಲೆ 1911–1919 ಅಂತಿದೆ, ಕ್ಲಾರೆನ್ಸ್ ಮಾತ್ರ ಒಂಬತ್ತನೇ ವಯಸ್ಸಲ್ಲಿ ಸತ್ತ ಅಂತಾನೆ, ಲೆಕ್ಕ ಕೂಡಲ್ಲ, ಇದನ್ನ ಕಂಡುಹಿಡಿದಿದ್ದು ನನ್ ಮಗಳು. ಆಮೇಲೆ ಬಾರ್‌ನಲ್ಲಿ ಜಾರ್ಜ್ ತಲೆ ತಗ್ಗಿಸಿ ದೇವರನ್ನ ಬೇಡ್ಕೊಳೋ ಸೀನ್. ಸ್ಟೀವರ್ಟ್ ಯುದ್ಧದಲ್ಲಿ ಬಾಂಬರ್ ವಿಮಾನ ಓಡಿಸಿ ಬಂದಿದ್ರು, ಜರ್ಮನಿ ಮೇಲೆ ಹಾರಿ ಬಂದೋರು, ವಾಪಸ್ ಬಂದ್ಮೇಲೆ ಇದೇ ಮೊದಲ ಸಿನಿಮಾ. ಆ ಪ್ರಾರ್ಥನೆ ಹೇಳ್ತಾ ಹೇಳ್ತಾ ಅವರಿಗೆ ನಿಜವಾಗ್ಲೂ ಅಳು ಬಂದ್ಬಿಡ್ತು, ಕ್ಯಾಮೆರಾ ಸ್ವಲ್ಪ ದೂರದಲ್ಲಿತ್ತು, ಮತ್ತೆ ಅದೇ ಅಳು ಬರಿಸೋಕಾಗಲ್ಲ ಅಂತ ಕಾಪ್ರಾ ಲ್ಯಾಬ್‌ನಲ್ಲಿ ಆ ಫ್ರೇಮ್‌ಗಳನ್ನೇ ಹಿಗ್ಗಿಸಿ ಕ್ಲೋಸಪ್ ಮಾಡಿದ್ರು. ಅದಕ್ಕೇ ಅಷ್ಟು ಹೊತ್ತು ಮಾತ್ರ ಚಿತ್ರ ಮರಳು ಮರಳಾಗಿ ಕಾಣುತ್ತೆ.

ಈಗ ನಾನು ಹೇಳ್ಬೇಕು ಅಂತ ಬಂದ ವಿಷಯಕ್ಕೆ ಬರ್ತೀನಿ. ಏಳೆಂಟು ವರ್ಷ ನಾನು ಈ ಸಿನಿಮಾನ ಜಾರ್ಜ್ ಆಗಿ ನೋಡ್ತಿದ್ದೆ. ಎಲ್ರೂ ಹಂಗೇ ನೋಡೋದು. ಆಫೀಸಲ್ಲಿ ತಲೆಬಿಸಿ, ಮನೆ ಸಾಲ, ಅಂದ್ಕೊಂಡಿದ್ದು ಒಂದು ಆಗಿದ್ದು ಇನ್ನೊಂದು, ಹಂಗಾಗಿ ಜಾರ್ಜ್ ಅಂದ್ರೆ ನಾನೇ ಅಂತ ಕಣ್ಣೀರು ಹಾಕ್ಕೊಂಡು ನೋಡೋದು. ಒಂದು ಡಿಸೆಂಬರ್‌ನಲ್ಲಿ ನಮ್ಮಮ್ಮನಿಗೆ ಹುಷಾರು ತಪ್ಪಿ ಉಡುಪೀಲಿ ಆಸ್ಪತ್ರೆಗೆ ಸೇರಿಸಿದ್ರು. ಹನ್ನೊಂದು ದಿನ. ನನಗೆ ಟಿಕೆಟ್ ಸಿಗಲಿಲ್ಲ, ಸಿಕ್ಕಿದ್ದಕ್ಕೆ ಮೂರು ಪಟ್ಟು ರೇಟು. ಅಣ್ಣ ಫೋನಲ್ಲಿ, ನೀ ಬರುದು ಬೇಡ ಮಾರಾಯ, ನಾನಿದ್ದೇನಲ್ಲ, ಸುಮ್ನೆ ದುಡ್ಡು ದಂಡ ಅಂದ. ಹನ್ನೊಂದು ರಾತ್ರಿ ಅವನು ವಾರ್ಡ್ ಹೊರಗೆ ಬೆಂಚಿನ ಮೇಲೆ ಮಲಗಿದ್ದ, ಅತ್ತಿಗೆ ಬುತ್ತಿ ಕಟ್ಟಿ ಕಳಿಸ್ತಿದ್ರು. ಅಮ್ಮ ಮನೆಗೆ ಬಂದ ಮಾರನೇ ದಿನ 24. ರೂಢಿ ಬಿಡೋದು ಬೇಡ ಅಂತ ಸಿನಿಮಾ ಹಾಕಿದ್ವಿ, ರೈಲ್ವೆ ಸ್ಟೇಷನ್ ಸೀನ್ ಬಂತು.

ಜಾರ್ಜ್‌ಗೆ ಒಬ್ಬ ತಮ್ಮ ಇದ್ದಾನೆ, ಹ್ಯಾರಿ. ಚಿಕ್ಕೋನಿದ್ದಾಗ ಹಿಮದ ಕೆರೆಗೆ ಬಿದ್ದಿರ್ತಾನೆ, ಜಾರ್ಜ್ ಹಾರಿ ಎತ್ತಿರ್ತಾನೆ, ಆ ತಣ್ಣೀರಿಗೆ ಜಾರ್ಜ್‌ನ ಎಡಗಿವಿ ಹೋಗಿರುತ್ತೆ. ತಾನು ಕಾಲೇಜಿಗೆ ಅಂತ ಕೂಡಿಟ್ಟ ದುಡ್ಡು ಕೊಟ್ಟು ತಮ್ಮನ್ನ ಓದೋಕೆ ಕಳಿಸಿರ್ತಾನೆ, ನಾಲ್ಕು ವರ್ಷ ಆದ್ಮೇಲೆ ಹ್ಯಾರಿ ಬಂದು ಸಂಸ್ಥೆ ನೋಡ್ಕೋಬೇಕು, ಆಗ ಜಾರ್ಜ್ ಹೊರಡೋದು, ಮಾತು ಹಂಗೆ. ರೈಲು ಬರುತ್ತೆ. ಹ್ಯಾರಿ ಇಳೀತಾನೆ, ಜೊತೇಲಿ ಹೊಸ ಹೆಂಡ್ತಿ ರೂತ್. ಅವಳು ನಗ್ತಾ ನಗ್ತಾ ಹೇಳ್ತಾಳೆ, ನಮ್ಮಪ್ಪ ಬಫೆಲೋ ಊರಿನ ಗಾಜಿನ ಫ್ಯಾಕ್ಟರೀಲಿ ಇವರಿಗೆ ಕೆಲಸ ಕೊಡ್ತೀನಿ ಅಂದಿದಾರೆ ಅಂತ. ಅಷ್ಟೇ. ಯಾರೂ ಜಗಳ ಆಡಲ್ಲ, ಸಂಗೀತ ಜೋರಾಗಲ್ಲ. ಜಾರ್ಜ್ ಕೈಯಲ್ಲಿದ್ದ ಪಾಪ್‌ಕಾರ್ನ್ ಅಗಿಯೋದು ನಿಂತುಹೋಗುತ್ತೆ, ಉಳಿದವರು ಮುಂದೆ ಹೋಗಿರ್ತಾರೆ, ಅವನೊಬ್ಬನೇ ಹಿಂದೆ, ಕ್ಯಾಮೆರಾ ಅವನ ಮುಖದ ಜೊತೆಗೇ ಸಾಗುತ್ತೆ, ಕಣ್ಣು ಆಚೀಚೆ ಹುಡುಕುತ್ತೆ, ಆಮೇಲೆ ಹ್ಯಾರಿ ಹತ್ರ ಬರೋ ಹೊತ್ತಿಗೆ ಆ ಮುಖದ ಮೇಲೆ ಒಂದು ನಗು ಬಂದು ಕೂರುತ್ತೆ.

ಅವತ್ತು ನಾನು ನೋಡಿದ್ದು ಜಾರ್ಜ್‌ನ ಅಲ್ಲ, ಆ ರೈಲಿಂದ ಇಳಿದವನನ್ನ. ಅದು ನಾನು.

ನಮ್ಮಪ್ಪ ಬ್ರಹ್ಮಾವರದ ಹತ್ರ ಪಿಗ್ಮಿ ಕಲೆಕ್ಷನ್ ಮಾಡ್ತಿದ್ರು. ಕರಾವಳಿ ಕಡೆಯವರಿಗೆ ಹೇಳ್ಬೇಕಾಗಿಲ್ಲ, ಉಳಿದವರಿಗೆ ಹೇಳ್ತೀನಿ, ದಿನಾ ಮನೆಮನೆಗೆ ಅಂಗಡಿಗೆ ಹೋಗಿ ನಾಕಾಣೆ ಎಂಟಾಣೆ ಜಮಾ ತಗೊಂಡು ಪಾಸ್‌ಬುಕ್‌ನಲ್ಲಿ ಬರ್ಕೊಡೋದು, 1928ರಲ್ಲಿ ನಮ್ ಉಡುಪಿ ಕಡೆ ಶುರುವಾಗಿದ್ದು ಅದು. ಮೀನು ಮಾರೋ ಹೆಂಗಸರು, ಬೀಡಿ ಕಟ್ಟೋರು, ಕ್ಷೌರದಂಗಡಿಯವರು, ಅಂಥವರ ದುಡ್ಡು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಅಪ್ಪ ತೀರ್ಕೊಂಡ್ರು. ಅಣ್ಣ ಬಿಕಾಂ ಮುಗಿಸಿದ್ದ, ಮುಂಬಯೀಲಿ ಒಂದು ಕಂಪನೀಲಿ ಕೆಲಸ ಗೊತ್ತಾಗಿತ್ತು, ಸೂಟ್‌ಕೇಸ್ ಕೂಡ ತಂದಿದ್ದ, ಕೆಂಪು ಬಣ್ಣದ್ದು. ಆ ಸೂಟ್‌ಕೇಸ್‌ನಲ್ಲಿ ಬಟ್ಟೆ ತುಂಬ್ಕೊಂಡು ಸುರತ್ಕಲ್ ಹಾಸ್ಟೆಲ್‌ಗೆ ಹೋಗಿದ್ದು ನಾನು. ಅಣ್ಣ ಅಪ್ಪನ ಸೈಕಲ್ ಹತ್ತಿ ಅಪ್ಪನ ಪಿಗ್ಮಿ ಲೈನಿಗೆ ಹೋದ. ಇಂಜಿನಿಯರಿಂಗ್ ಮುಗಿದ್ಮೇಲೆ ಎರಡು ವರ್ಷ ಬೆಂಗಳೂರು, ಆಮೇಲೆ ಇಲ್ಲಿ. ನಾನು ಇಲ್ಲಿಗೆ ಬರ್ತೀನಿ ಅಂತ ಹೇಳಿದ ದಿನ ಅವನು ಜಗಲಿ ಮೇಲೆ ಕೂತು ಲೆಕ್ಕ ಬರೀತಿದ್ದ, ತಲೆ ಎತ್ತಿ ಒಳ್ಳೇದಾಯ್ತು ಅಂದ, ನಕ್ಕ. ಆ ನಗು ನನಗೆ ಅರ್ಥ ಆಗಿದ್ದು ಎಷ್ಟೋ ವರ್ಷ ಆದ್ಮೇಲೆ, ಸ್ಟೀವರ್ಟ್ ಮುಖದ ಮೇಲೆ ನೋಡಿದಾಗ.

ಹ್ಯಾರಿ ಕೆಟ್ಟವನಲ್ಲ, ಅದನ್ನ ಸ್ಪಷ್ಟವಾಗಿ ಹೇಳ್ತೀನಿ. ಯುದ್ಧದಲ್ಲಿ ಒಂದು ಹಡಗಿನ ಜನರನ್ನ ಉಳಿಸ್ತಾನೆ, ಪದಕ ಬರುತ್ತೆ, ಕೊನೆಗೆ ಅಣ್ಣನಿಗೆ ಕಷ್ಟ ಅಂತ ಗೊತ್ತಾದಾಗ ಸನ್ಮಾನದ ಊಟ ಬಿಟ್ಟು ಹಿಮದ ಬಿರುಗಾಳೀಲಿ ವಿಮಾನ ಹಾರಿಸ್ಕೊಂಡು ಬರ್ತಾನೆ. ಬಂದವನೇ ಗ್ಲಾಸ್ ಎತ್ತಿ ನಮ್ಮಣ್ಣನೇ ಈ ಊರಿನ ಅತಿ ದೊಡ್ಡ ಶ್ರೀಮಂತ ಅಂತಾನೆ. ಆ ಮಾತನ್ನ ಹೇಳೋ ಹಕ್ಕು ಅವನೊಬ್ಬನಿಗೇ ಇದೆ ಅಂತ ನನಗನ್ನಿಸುತ್ತೆ, ಯಾಕಂದ್ರೆ ಅಣ್ಣನ ಲೆಕ್ಕದಿಂದ ಬದುಕಿದವನು ಅವನೇ. ಈ ಸಭೇಲಿ ಕೂತಿರೋರಲ್ಲಿ ಎಷ್ಟು ಜನ ಹ್ಯಾರಿಗಳಿದೀವಿ ಅಂತ ನಾನು ಕೈ ಎತ್ತಿಸಲ್ಲ. ಊರಲ್ಲಿ ಒಬ್ಬ ಅಣ್ಣನೋ ಅಕ್ಕನೋ ತಂಗಿಯೋ ನಿಂತಿದ್ದಕ್ಕೆ ನಾವಿಲ್ಲಿ ಬಂದು ಕೂತಿದೀವಿ.

ನಾಲ್ಕು ವರ್ಷದ ಹಿಂದೆ ಅಣ್ಣ, ಅತ್ತಿಗೆ ಇಬ್ರನ್ನೂ ಡಿಸೆಂಬರ್‌ಗೆ ಕರೆಸ್ಕೊಂಡೆ. ಒಂದಿನ ಸೆನೆಕಾ ಫಾಲ್ಸ್‌ಗೆ ಕರ್ಕೊಂಡು ಹೋದೆ, ಇಲ್ಲಿಂದ ಒಂದು ಗಂಟೆ ದಾರಿ, ಬೆಡ್‌ಫರ್ಡ್ ಫಾಲ್ಸ್‌ಗೆ ತಮ್ಮೂರೇ ಸ್ಫೂರ್ತಿ ಅಂತ ಅಲ್ಲಿಯವರು ನಂಬ್ತಾರೆ, ಡಿಸೆಂಬರ್‌ನಲ್ಲಿ ಹಬ್ಬ ಮಾಡ್ತಾರೆ, ಸಿನಿಮಾಕ್ಕೇ ಅಂತ ಒಂದು ಮ್ಯೂಸಿಯಂ ಇದೆ. ಅಲ್ಲಿ ಒಂದು ಕಬ್ಬಿಣದ ಸೇತುವೆ. 1917ರಲ್ಲಿ ಆಂಟೋನಿಯೋ ವರಕಲ್ಲಿ ಅನ್ನೋ ಇಟಲಿಯ ವಲಸೆಗಾರ ನೀರಿಗೆ ಹಾರಿದ ಹುಡುಗೀನ ಉಳಿಸೋಕೆ ಹೋಗಿ ತಾನು ಮುಳುಗಿ ಸತ್ತ, ಅವನ ಹೆಸರಿನ ಫಲಕ ಅಲ್ಲಿದೆ. ಅಣ್ಣ ಅದನ್ನ ನಿಧಾನಕ್ಕೆ ಓದಿ, ಗ್ಲೌಸ್ ತೆಗೆದು ಕೈ ಮುಗಿದ.

24ರ ರಾತ್ರಿ ಸಿನಿಮಾ ಹಾಕಿದ್ವಿ. ಮೊದಲರ್ಧ ಗಂಟೆ ಅಣ್ಣ ಚುರುಮುರಿ ತಿಂತಾ ಸುಮ್ನಿದ್ದ. ಆಮೇಲೆ ಜಾರ್ಜ್ ಮದುವೆ ದಿನ, ಬ್ಯಾಂಕ್ ಮುಳುಗುತ್ತೆ ಅಂತ ಸುದ್ದಿ ಹಬ್ಬಿ ಜನ ಎಲ್ಲ ಸಂಸ್ಥೆ ಬಾಗಿಲಿಗೆ ಬಂದು ನಿಂತು ನಮ್ ದುಡ್ಡು ಕೊಡಿ ಅಂತಾರಲ್ಲ, ಆ ಸೀನ್. ಜಾರ್ಜ್ ಕೌಂಟರ್ ಹಿಂದಿಂದ ಹೇಳ್ತಾನೆ, ನಿಮ್ ದುಡ್ಡು ಇಲ್ಲಿ ಪೆಟ್ಟಿಗೇಲಿಲ್ಲ, ಪಕ್ಕದೋರ ಮನೆ ಗೋಡೇಲಿದೆ ಅಂತ. ಅಣ್ಣ ಪ್ಲೇಟ್ ಕೆಳಗಿಟ್ಟ. ಮುಂದಕ್ಕೆ ಬಾಗಿ ಕೂತ. ನಮ್ಮೂರಲ್ಲೂ ಒಂದ್ಸಲ ಹಂಗೇ ಸುದ್ದಿ ಹಬ್ಬಿತ್ತು, ಸಂಜೆ ಹೊತ್ತು ನಲವತ್ತು ಐವತ್ತು ಜನ ನಮ್ಮನೆ ಅಂಗಳಕ್ಕೆ ಬಂದಿದ್ರಂತೆ, ಅಣ್ಣ ಜಗಲಿಲಿ ಲೆಕ್ಕದ ಪುಸ್ತಕ ಇಟ್ಕೊಂಡು ಒಬ್ಬೊಬ್ಬರ ಹೆಸರು ಓದಿ ರಾತ್ರಿ ಹನ್ನೊಂದರ ತನಕ ಮಾತಾಡಿದ್ನಂತೆ. ಇದನ್ನ ಅತ್ತಿಗೆ ಅವತ್ತು ಸೋಫಾದಲ್ಲಿ ಕೂತು ಹೇಳಿದ್ದು. ಅಷ್ಟು ವರ್ಷ ನನಗೆ ಗೊತ್ತೇ ಇರ್ಲಿಲ್ಲ. ತೆರೆ ಮೇಲೆ ಜಾರ್ಜ್ ತನ್ನ ಹನಿಮೂನ್ ದುಡ್ಡು ಎಲ್ಲ ಹಂಚಿ, ಸಂಜೆ ಬಾಗಿಲು ಹಾಕೋ ಹೊತ್ತಿಗೆ ಎರಡೇ ಎರಡು ಡಾಲರ್ ಉಳಿದಾಗ ಅಣ್ಣ ಗಟ್ಟಿಯಾಗಿ ಚಪ್ಪಾಳೆ ಹೊಡೆದ.

ಕೊನೇಲಿ ಊರವರೆಲ್ಲ ಬಂದು ಮೇಜಿನ ಮೇಲೆ ದುಡ್ಡು ಸುರೀತಾರೆ, ನಾವೆಲ್ಲ ಅಳ್ತಿದ್ವಿ, ಅತ್ತಿಗೆ ಸೆರಗಲ್ಲಿ ಕಣ್ಣೊರೆಸ್ಕೋತಿದ್ರು. ಅಣ್ಣ ನನ್ ಕಡೆ ತಿರುಗಿ, ಆ ಎಂಟು ಸಾವಿರ ಪಾಟರ್ ವಾಪಸ್ ಕೊಟ್ಟನಾ ಅಂತ ಕೇಳಿದ. ಇಲ್ಲ ಅಣ್ಣ, ಅವನು ಕೊಡೋದೇ ಇಲ್ಲ, ಸಿನಿಮಾ ಮುಗಿಯುತ್ತೆ ಅಂದೆ. ಹಾಗಾದ್ರೆ ಇವರೆಲ್ಲ ಕೊಟ್ಟದ್ದಕ್ಕೆ ರಸೀದಿ ಬರೀಬೇಕು ಮಾರಾಯ, ಯಾರದ್ದು ಎಷ್ಟು ಅಂತ, ನಾಳೆ ಅವರಿಗೂ ಬೇಕಾಗ್ತದೆ ಅಂದ.

ಈಗ ಪ್ರತಿ ವರ್ಷ ಸಿನಿಮಾ ಮುಗಿದ ಕೂಡ್ಲೇ ಮಗಳು ಅವಳ ದೊಡ್ಡಪ್ಪಂಗೆ ವಿಡಿಯೋ ಕಾಲ್ ಮಾಡ್ತಾಳೆ. ನಮಗೆ ರಾತ್ರಿ ಹನ್ನೊಂದು, ಅಲ್ಲಿ ಬೆಳಗ್ಗೆ ಒಂಬತ್ತೂವರೆ, ಅವನು ಲೈನಿಗೆ ಹೊರಟು ಸ್ಕೂಟರ್ ಬದೀಲಿ ನಿಂತಿರ್ತಾನೆ, ಹೆಗಲಲ್ಲಿ ಚೀಲ. ಪಾಟರ್ ಕೊಟ್ಟನಾ ಅಂತ ಕೇಳ್ತಾನೆ. ಇಲ್ಲ ದೊಡ್ಡಪ್ಪ, ಈ ವರ್ಷಾನೂ ಕೊಟ್ಟಿಲ್ಲ ಅಂತಾಳೆ.