ಮಗುವಿನ ಜೊತೆ ತಾಯಿಯನ್ನೂ ನೋಡಿ

ಕೇಳುಗರಿಗೆ ನಮಸ್ಕಾರ. ಡಿಸೆಂಬರ್ ಬಂತು. ನಮ್ಮ ಬೆಂಗಳೂರಿನ ಚರ್ಚುಗಳಲ್ಲಿ ಇನ್ನು ಕೇಕಿನ ಡಬ್ಬ, ಕಂಬಳಿ ಮೂಟೆ ಹೊತ್ತು ಅನಾಥಾಶ್ರಮಗಳಿಗೆ ಹೋಗುವ ಗಡಿಬಿಡಿ ಶುರು. ಹೋಗಿ, ಬೇಡ ಅನ್ನುವುದಿಲ್ಲ. ಹೊರಡುವ ಮೊದಲು ನನ್ನದೊಂದು ಮಾತು ಕೇಳಿ.

ಬೈಬಲ್ಲಿನ ಯಾಕೋಬನ ಪತ್ರಿಕೆ, 1ನೇ ಅಧ್ಯಾಯ, 27ನೇ ವಚನ. ನಮ್ಮವರಿಗೆಲ್ಲ ಬಾಯಿಪಾಠ. ಕಷ್ಟದಲ್ಲಿರುವ ಅನಾಥರನ್ನೂ ವಿಧವೆಯರನ್ನೂ ನೋಡಿಕೊಳ್ಳುವುದೇ ನಿಜವಾದ ಭಕ್ತಿ ಅನ್ನುತ್ತದೆ ಅದು. ಗಮನಿಸಿದಿರಾ? ಇಬ್ಬರ ಹೆಸರೂ ಜೊತೆಯಲ್ಲೇ ಬರುತ್ತದೆ. ಬೈಬಲ್ಲಿನಲ್ಲಿ ಅನಾಥ ಅಂದರೆ ಹೆಚ್ಚಾಗಿ ತಂದೆ ಇಲ್ಲದ ಮಗು. ತಾಯಿ ಇರುತ್ತಿದ್ದಳು. ಆ ತಾಯಿಯೇ ಈ ವಿಧವೆ. ನಾವೇನು ಮಾಡುತ್ತೇವೆ? ಮಗುವನ್ನು ಆಶ್ರಮಕ್ಕೆ ಸೇರಿಸಿ, ತಾಯಿಗೆ ಕ್ರಿಸ್ಮಸ್ಸಿಗೊಂದು ಸೀರೆ ಕೊಟ್ಟು ಮನೆಗೆ ಬರುತ್ತೇವೆ.

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹೆಸರು ಬೇಡ, ಆಶ್ರಮದ ಹೆಸರೂ ಬೇಡ. ಅಲ್ಲಿ ನಾನು ಮಕ್ಕಳ ಆಪ್ತಸಮಾಲೋಚಕಿ. ಅವನಿಗೆ ಹನ್ನೊಂದು ವರ್ಷ, ಐದು ವರ್ಷದಿಂದ ಅಲ್ಲೇ ಇದ್ದ. ಒಂದು ಭಾನುವಾರ ಅನುಮತಿ ಪಡೆದು ನಮ್ಮ ಮನೆಗೆ ಕರೆದುಕೊಂಡು ಬಂದೆ. ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟ. ಒಲೆ ಮೇಲೆ ಎರಡು ಲೋಟದ ಪುಟ್ಟ ಪಾತ್ರೆ ಇತ್ತು. "ಆಂಟಿ, ಇಷ್ಟು ಚಿಕ್ಕದರಲ್ಲಿ ಟೀ ಆಗುತ್ತಾ?" ಅಂದ. ಅವನು ಕಂಡದ್ದು ಎಂಬತ್ತು ಮಕ್ಕಳ ಡಬರಿ ಮಾತ್ರ. ಬಿಸಿ ದೋಸೆ ತಟ್ಟೆಗೆ ಹಾಕಿದೆ. ಮುಟ್ಟಲಿಲ್ಲ. ಯಾಕೋ ಅಂದರೆ, "ಇನ್ನೂ ಬೆಲ್ ಹೊಡೆದಿಲ್ಲ."

ಈ ಹುಡುಗನಿಗೆ ಅಪ್ಪ ಇರಲಿಲ್ಲ. ಅಮ್ಮ ಇದ್ದಳು! ಲಿಂಗರಾಜಪುರದಲ್ಲಿ, ಒಂದು ಕೋಣೆಯ ಮನೆ, ಮೂರು ಮನೆಯ ಪಾತ್ರೆ ಬಟ್ಟೆ ಕೆಲಸ. ಬಾಡಿಗೆ ಕಟ್ಟಿದರೆ ಶಾಲೆಗಿಲ್ಲ, ಶಾಲೆಗೆ ಕಟ್ಟಿದರೆ ಬಾಡಿಗೆಗಿಲ್ಲ. ಚರ್ಚಿನ ಸಭೆಯವರು ಒಳ್ಳೆಯ ಮನಸ್ಸಿನಿಂದಲೇ ಮಗನನ್ನು ಆಶ್ರಮಕ್ಕೆ ಸೇರಿಸಿದ್ದರು. "ತಿಂಗಳಿಗೆ ಎಷ್ಟು ಕಮ್ಮಿ ಬೀಳುತ್ತಿತ್ತಮ್ಮಾ?" ಅಂತ ಕೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದಳು. "ಮೂರು ಸಾವಿರ ಇದ್ದಿದ್ರೆ ಸಾಕಿತ್ತು ಮೇಡಂ." ಅದೇ ವರ್ಷ ಅದೇ ಸಭೆ ಆಶ್ರಮಕ್ಕೆ ಗ್ರಾನೈಟ್ ನೆಲದ ಊಟದ ಹಾಲ್ ಕಟ್ಟಿಸಿಕೊಟ್ಟಿತ್ತು. ಉದ್ಘಾಟನೆಗೆ ನಾನೂ ಹೋಗಿ ಚಪ್ಪಾಳೆ ತಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ.

ಇದು ಬರೀ ನನ್ನ ಹಠ ಅಲ್ಲ. 2015ರ ಬಾಲನ್ಯಾಯ ಕಾಯ್ದೆ ಕೂಡ, ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಅನ್ನುತ್ತದೆ. ಮೊದಲು ಮನೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥ ತಾಯಂದಿರ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ನೆರವು ಇದೆ. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆದಾಯದ ಪತ್ರ, ಬ್ಯಾಂಕ್ ಪಾಸ್‌ಬುಕ್ಕು ಅಂತ ಓಡಾಟ ಇದ್ದದ್ದೇ. ಮೂರು ಮನೆ ಪಾತ್ರೆ ತೊಳೆಯುವವಳು ಯಾವಾಗ ಓಡಾಡಬೇಕು? ಅಲ್ಲಿ ನೀವು ಬೇಕು. ಕ್ಯಾರಲ್ ಹಾಡಲು ನಮ್ಮ ಯುವಕರಿಗೆ ಹತ್ತು ರಾತ್ರಿ ಸಿಗುತ್ತದೆ, ಅಲ್ವಾ? ಆ ತಾಯಿಯ ಜೊತೆ ಕಚೇರಿಗೆ ಹೋಗಲು ಒಂದು ಹಗಲು ಸಿಗುವುದಿಲ್ಲವೇ? ಮಗುವನ್ನಷ್ಟೇ ಎತ್ತಿಕೊಂಡು ಹೋಗಬೇಡಿ. ತಾಯಿಯನ್ನೂ ನೋಡಿ.

ಫಾಸ್ಟರ್ ಕೇರ್, ಅಂದರೆ ಮಗುವನ್ನು ಕೆಲಕಾಲ ಬೇರೆ ಕುಟುಂಬ ಸಾಕುವುದು, ಮತ್ತೆ ದತ್ತು, ಎಲ್ಲ ಹೇಳಬೇಕು ಅಂತಿದ್ದೆ. ಕಥೆಯೇ ಉದ್ದವಾಯಿತು. ಒಂದು ಮಾತ್ರ ಹೇಳಿಬಿಡುತ್ತೇನೆ. ಮೆಜೆಸ್ಟಿಕ್ಕಿನಲ್ಲೋ ರೈಲ್ವೆ ಸ್ಟೇಷನ್ನಿನಲ್ಲೋ ಒಂಟಿ ಮಗು ಕಂಡರೆ, ನಿಮಗೆ ಗೊತ್ತಿರುವ ಆಶ್ರಮಕ್ಕೆ ನೀವೇ ಬಿಟ್ಟು ಬರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 24 ಗಂಟೆಯೊಳಗೆ ಆ ಮಗುವನ್ನು, ಅದು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆ ಮಗುವಿಗೂ ಎಲ್ಲೋ ಒಬ್ಬ ತಾಯಿ ಇರಬಹುದು, ಹುಡುಕುತ್ತಿರಬಹುದು.

ನಮ್ಮ ಹುಡುಗ ಈಗ ಅಮ್ಮನ ಜೊತೆ ಲಿಂಗರಾಜಪುರದಲ್ಲೇ ಇದ್ದಾನೆ. ಸಂಜೆಯ ಟೀ ಅವನದೇ ಕೈಯಡುಗೆ. ಸಕ್ಕರೆ ಜಾಸ್ತಿ ಹಾಕ್ತಾನೆ ಅಂತ ಅವಳ ದೂರು. ನಮಸ್ಕಾರ.