ನೀರು ಸುರಿಸುವ ಒಣಗಣ್ಣು

ಕೇಳುಗರೇ, ನಮಸ್ಕಾರ.

ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಸೀಮೆಯಲ್ಲಿ ಜೋಳದ ರಾಶಿ ಮುಗಿದು ಬಿಸಿಲೇರುತ್ತಿದ್ದಂತೆ ಕಣ್ಣಿನ ತಕರಾರೂ ಏರುತ್ತದೆ. ಉಸುಕು ಬಿದ್ದಂತೆ ಚುಚ್ಚುವುದು, ಉರಿ, ಗಾಳಿ ಬಡಿದರೆ ದಳದಳ ನೀರು. ಇದು ಬಹಳ ಸಲ ಒಣಗಣ್ಣು, ಅಂದರೆ ಕಣ್ಣು ಒಣಗುವ ತೊಂದರೆ. ಇಷ್ಟು ನೀರು ಬರುವ ಕಣ್ಣು ಒಣಗಿದ್ದು ಹೇಗೆ?

ಕಣ್ಣೀರು ಬರೀ ನೀರಲ್ಲ. ಅಡಿಯಲ್ಲಿ ಲೋಳೆ, ನಡುವೆ ನೀರು, ಮೇಲೆ ತೆಳ್ಳಗೆ ಎಣ್ಣೆ. ಆ ಎಣ್ಣೆ ರೆಪ್ಪೆಯಂಚಿನ ಸಣ್ಣ ಗ್ರಂಥಿಗಳದು. ಚಳಿಗೆ ತುಪ್ಪ ಹೆಪ್ಪುಗಟ್ಟಿದ ಹಾಗೆ ಅದು ಗ್ರಂಥಿಯೊಳಗೇ ಗಟ್ಟಿಯಾದರೆ, ಹೊದಿಕೆ ಇಲ್ಲದ ನೀರು ಬೇಗ ಆರುತ್ತದೆ. ಉರಿ ತಾಳದೆ ಕಣ್ಣು ಇನ್ನಷ್ಟು ನೀರು ಸುರಿಸುತ್ತದೆ. ಅದು ಕಣ್ಣಲ್ಲಿ ನಿಲ್ಲದೆ ಕೆನ್ನೆಗಿಳಿಯುತ್ತದೆ.

ಆದ್ದರಿಂದ ಇಂಥವರಿಗೆ ಮೊದಲ ಉಪಚಾರ ರೆಪ್ಪೆಗೆ. ನಮ್ಮ ಸೊಲ್ಲಾಪುರದ ದಪ್ಪ ಟವೆಲ್ ಇದಕ್ಕೆ ಬಹಳ ಒಳ್ಳೆಯದು. ಮುಂಗೈಗೆ ಹಿತವೆನಿಸುವಷ್ಟೇ ಬಿಸಿಯ ನೀರಲ್ಲಿ ಅದ್ದಿ, ಹಿಂಡಿ, ಮುಚ್ಚಿದ ಕಣ್ಣ ಮೇಲಿಡಿ. ಎರಡು ನಿಮಿಷಕ್ಕೆ ಬಟ್ಟೆಯ ಬಿಸಿ ಆರುತ್ತದೆ, ಮತ್ತೆ ಅದ್ದಿ. ಹೀಗೆ 5ರಿಂದ 10 ನಿಮಿಷ. ಒಮ್ಮೆ ಇಟ್ಟು ತೆಗೆದರೆ ಎಣ್ಣೆ ಕರಗದು, ಬಹಳ ಮಂದಿ ಸೋಲುವುದು ಇಲ್ಲೇ. ಕಾವು ಆರುವ ಮುನ್ನ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಬೆರಳಿನಿಂದ ಹಗುರವಾಗಿ ನೀವಿ. ಗುಡ್ಡೆಯನ್ನು ಒತ್ತಬೇಡಿ. ದಿನಕ್ಕೆರಡು ಸಲ ಮಾಡಿ. ಗುಣ ಕಾಣಲು ಕೆಲವು ವಾರ ಬೇಕು.

ಮೊಬೈಲ್ ನೋಡುವಾಗ ರೆಪ್ಪೆ ಬಡಿಯುವುದು ಅರ್ಧಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ. 20 ನಿಮಿಷಕ್ಕೊಮ್ಮೆ ದೂರ ನೋಡಿ, ರೆಪ್ಪೆಗೆ ರೆಪ್ಪೆ ತಾಗುವಂತೆ ಹತ್ತು ಸಲ ಮಿಟುಕಿಸಿ. ಫ್ಯಾನು, ಕೂಲರಿನ ಗಾಳಿ ನೇರ ಮುಖಕ್ಕೆ ಬೇಡ. ಬೈಕಿನಲ್ಲಿ ಹೋಗುವಾಗಲೂ ರಾಶಿ ಮಾಡುವಾಗಲೂ ಬದಿ ಮುಚ್ಚುವ ಕನ್ನಡಕ ಇರಲಿ.

ಕಣ್ಣನ್ನು ತೇವವಾಗಿಡುವ ಕೃತಕ ಕಣ್ಣೀರಿನ ಹನಿ ಸಲಕ್ಕೆ ಒಂದೇ ಸಾಕು, ಎರಡನೆಯದು ಹೊರಗೆ ಚೆಲ್ಲುತ್ತದೆ. ಕೆಳರೆಪ್ಪೆ ಎಳೆದು, ಬಾಟಲಿಯ ತುದಿ ತಾಗದಂತೆ ಬಿಟ್ಟು, ಒಂದು ನಿಮಿಷ ಕಣ್ಣು ಮುಚ್ಚಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾದರೆ ಪ್ರಿಸರ್ವೇಟಿವ್, ಅಂದರೆ ಹನಿ ಕೆಡದಂತೆ ಬೆರೆಸುವ ರಾಸಾಯನಿಕ, ಇಲ್ಲದ್ದನ್ನೇ ಕೇಳಿ. ಆ ರಾಸಾಯನಿಕವೇ ಕಣ್ಣನ್ನು ಕೆರಳಿಸಬಲ್ಲದು. ಕೆಂಪು ಇಳಿಸುವ ಹನಿ ಬೇಡ, ಹಾಕುವುದನ್ನು ನಿಲ್ಲಿಸಿದೊಡನೆ ಕೆಂಪು ಮರಳುತ್ತದೆ. ವೈದ್ಯರು ಹೇಳದೆ ಸ್ಟೆರಾಯ್ಡ್ ಹನಿ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಮನೆಯ ಔಡಲೆಣ್ಣೆ, ಜೇನು ಕಣ್ಣಿಗೆ ಖಂಡಿತ ಬೇಡ.

ನೆಗಡಿಯ, ಅಲರ್ಜಿಯ ಕೆಲವು ಗುಳಿಗೆಗಳೂ ಕಣ್ಣು ಒಣಗಿಸುತ್ತವೆ. ಬಾಯಿಯೂ ಒಣಗಿ ಕೀಲು ನೋಯುತ್ತಿದ್ದರೆ ರಕ್ತ ತಪಾಸಣೆ ಬೇಕಾಗುತ್ತದೆ. ತೀವ್ರ ನೋವು, ಬೆಳಕು ಸಹಿಸಲಾಗದಿರುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಮಿಟುಕಿಸಿದರೂ ತಿಳಿಯಾಗದ ಮಂಜು ಕಂಡರೆ ಅಂದೇ ಕಣ್ಣಿನ ವೈದ್ಯರ ಬಳಿ ಹೋಗಿ. ಈವರೆಗೆ ಹಾಕಿದ ಹನಿಗಳ ಬಾಟಲಿಗಳನ್ನೂ ಜೊತೆಗೆ ಒಯ್ಯಿರಿ.