ಬೋರ್‌ವೆಲ್ ನೀರಿನ ಫ್ಲೋರೈಡು, ಬಾಯಿಗೆ ಹೋಗೋ ಇಪ್ಪತ್ತೈದು ಲೀಟರಿನ ಲೆಕ್ಕ

ಎಲ್ರಿಗೂ ನಮಸ್ಕಾರ. ಅರಸೀಕೆರೆ ಜನರ ಮುಂದೆ ನಿಂತು ನೀರಿನ ಬಗ್ಗೆ ಮಾತಾಡೋಕೆ ನನಗೆ ಸ್ವಲ್ಪ ಅಳುಕೇ, ಯಾಕಂದ್ರೆ ಸಾಲ ಮಾಡಿ ಸಾವಿರ ಅಡಿ ಕೊರೆಸಿ ಬರೀ ಧೂಳು ಎದ್ದಾಗ ಮನೆಯವರ ಹೊಟ್ಟೆಲಿ ಏನಾಗುತ್ತೆ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಹಾಸನದಲ್ಲಿ ಎಂಜಿನಿಯರಿಂಗ್ ಹುಡುಗ್ರಿಗೆ ಪರಿಸರದ ಪಾಠ ಮಾಡೋನು, ಜೊತೆಗೆ ಈ ತಾಲ್ಲೂಕು, ಪಕ್ಕದ ಕಡೂರು ತಾಲ್ಲೂಕಿನ ಊರುಗಳಿಂದ ನೀರು ತಂದು ಲ್ಯಾಬಲ್ಲಿ ಪರೀಕ್ಷೆ ಮಾಡ್ತಾ ಬಂದಿದೀನಿ. ನೀರು ಸಿಗುತ್ತೋ ಇಲ್ವೋ ಅನ್ನೋ ಚಿಂತೆ ಎಲ್ರಿಗೂ ಇದೆ, ಸಿಕ್ಕ ನೀರಲ್ಲಿ ಏನಿದೆ ಅಂತ ಕೇಳೋರು ಕಮ್ಮಿ. ಇವತ್ತು ಅದನ್ನೇ ಮಾತಾಡೋಣ, ಅದ್ರಲ್ಲೂ ಒಂದೇ ಒಂದು ಅಂಶ, ಫ್ಲೋರೈಡು.

ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕುದಿಸಿದ್ರೆ ಹೋಗಲ್ಲ, ನೀರು ಆವಿಯಾಗಿ ಕಮ್ಮಿ ಆಗುತ್ತಲ್ಲ, ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿನೇ ಆಗುತ್ತೆ. ಬಟ್ಟೆಲಿ ಸೋಸಿದ್ರೂ ಹೋಗಲ್ಲ, ಕ್ಯಾಂಡಲ್ ಫಿಲ್ಟರಿಗೂ ಜಗ್ಗಲ್ಲ, ಯುವಿ ಲೈಟಿಗೂ ಜಗ್ಗಲ್ಲ. ಫಳಫಳ ಅಂತ ಕನ್ನಡಿ ಥರ ಇರೋ ನೀರಲ್ಲೂ ಇರಬಹುದು.

ಇದು ಯಾವ ಫ್ಯಾಕ್ಟರಿಯಿಂದಲೂ ಬಂದಿದ್ದಲ್ಲ, ನಮ್ಮ ಕಾಲ ಕೆಳಗಿನ ಬಂಡೆಯಿಂದ್ಲೇ ಬರೋದು. ಗ್ರಾನೈಟು, ನೈಸ್ ಅಂತೀವಲ್ಲ, ಆ ಕಲ್ಲೊಳಗೆ ಬಯೋಟೈಟು, ಹಾರ್ನ್‌ಬ್ಲೆಂಡು, ಅಪಟೈಟು, ಫ್ಲೋರೈಟು ಅನ್ನೋ ಖನಿಜ ಇರ್ತವೆ, ನೀರು ಬಂಡೆ ಬಿರುಕಲ್ಲಿ ವರ್ಷಗಟ್ಲೆ ನಿಂತ್ರೆ ಅದ್ರಿಂದ ಫ್ಲೋರೈಡು ನಿಧಾನಕ್ಕೆ ನೀರಿಗೆ ಬಿಡುತ್ತೆ. ಈಗ ನಮ್ಮ ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆ ನೋಡಿ. ಪಶ್ಚಿಮಕ್ಕೆ ಶೃಂಗೇರಿ, ಮೂಡಿಗೆರೆ, ಸಕಲೇಶಪುರ, ಅಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಹೊಯ್ಯುತ್ತೆ, ಹೊಸ ನೀರು ಬಂದು ಹಳೇದನ್ನ ತೊಳ್ಕೊಂಡು ಹೋಗ್ತಾನೇ ಇರುತ್ತೆ. ಪೂರ್ವಕ್ಕೆ ಬಂದ್ರೆ ಕಡೂರು, ಅರಸೀಕೆರೆ, ಇಲ್ಲಿ ಆರೇಳು ನೂರು ಮಿಲಿಮೀಟರ್ ಬಿದ್ರೆ ಅದೇ ಪುಣ್ಯ. ಜೊತೆಗೆ ತೆಂಗು ಉಳಿಸ್ಕೊಳ್ಳೋಕೆ ಅಂತ ಆಳಕ್ಕೆ ಇಳೀತಾ ಇಳೀತಾ ಹೋದ್ವಿ, ಎಷ್ಟೋ ಕಡೆ ಆಳದಲ್ಲಿ ಸಿಗೋದು ಕಲ್ಲಿನ ಜೊತೆ ತುಂಬಾ ಕಾಲ ಇದ್ದ ಹಳೇ ನೀರು. ಅದ್ರಲ್ಲಿ ಸೋಡಿಯಂ ಬೈಕಾರ್ಬೊನೇಟ್ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ ಇದ್ರಂತೂ ಫ್ಲೋರೈಡು ಇನ್ನೂ ಏರುತ್ತೆ, ಯಾಕಂದ್ರೆ ಅದನ್ನ ಹಿಡಿದು ತಳಕ್ಕೆ ಕೂರಿಸೋದೇ ಕ್ಯಾಲ್ಸಿಯಂ. ಹಂಗಾಗಿ ಸೋಪು ಚೆನ್ನಾಗಿ ನೊರೆ ಬರುತ್ತೆ, ಬೇಳೆ ಬೇಗ ಬೇಯುತ್ತೆ, ನಮ್ಮ ನೀರು ಒಳ್ಳೇದು ಅಂತ ಅಮ್ಮಂದಿರು ಹೇಳ್ತಾರಲ್ಲ, ಅಂಥ ಮೆದು ನೀರನ್ನೂ ಪರೀಕ್ಷೆ ಮಾಡ್ಲೇಬೇಕು.

ಪಾಂಪ್ಲೆಟ್‌ಗಳಲ್ಲಿ ಬರೆಯದ ಒಂದು ವಿಷಯ ಹೇಳ್ತೀನಿ. ಒಂದೇ ಊರಲ್ಲಿ ದೇವಸ್ಥಾನದ ಹಿಂದಿನ ಬೋರ್‌ವೆಲ್ಲಲ್ಲಿ ಫ್ಲೋರೈಡು ಲೀಟರಿಗೆ 0.8 ಮಿಲಿಗ್ರಾಂ ಇದ್ದು, ಇನ್ನೂರು ಮೀಟರ್ ಆಚೆ ಶಾಲೆ ಹತ್ರದ್ರಲ್ಲಿ ಅದರ ಮೂರ್ಪಟ್ಟು ಇರೋಕೆ ಸಾಧ್ಯ, ಬಂಡೆ ಬಿರುಕು ಬೇರೆ ಬೇರೆ ಇದ್ರೆ ನೀರೂ ಬೇರೆನೇ. ಹಂಗಾಗಿ ತಾಲ್ಲೂಕಿನ ಸರಾಸರಿ ಇಷ್ಟು ಅಂತ ಪೇಪರಲ್ಲಿ ಬಂದಿದ್ದು ನಿಮ್ಮ ಮನೆಗೆ ಉಪಯೋಗಕ್ಕೆ ಬರಲ್ಲ. ನಿಮ್ಮ ನಲ್ಲಿಗೆ ಯಾವ ಬೋರಿಂದ ನೀರು ಬರುತ್ತೋ ಆ ಬೋರಿನ ನೀರಲ್ಲಿ ಫ್ಲೋರೈಡು ಎಷ್ಟಿದೆ ಅನ್ನೋ ನಂಬರ್ ಬೇಕು. ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರಿನ ಮೂಲವೇ ಇಲ್ಲ ಅಂದ್ರೆ 1.5ರ ತನಕ ಒಪ್ಕೋಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ 1.5 ಅಂತಲೇ.

ಫ್ಲೋರೈಡು ಜಾಸ್ತಿ ಆಗಿ ಹಲ್ಲಿಗೂ ಮೂಳೆಗೂ ಬರೋ ಕಾಯಿಲೆಗೆ ಫ್ಲೋರೋಸಿಸ್ ಅಂತಾರೆ, ಅದು ಗೊತ್ತಾದ ಕತೆನೂ ಕೇಳಬೇಕಾದ್ದೇ. ಅಮೆರಿಕದ ಕೊಲೊರಾಡೋ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಫ್ರೆಡರಿಕ್ ಮೆಕೇ ಅಂತ ಒಬ್ಬ ಹಲ್ಲಿನ ಡಾಕ್ಟ್ರು ಬಂದ್ರು, ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲಾ ಕಂದು ಬಣ್ಣ. ಕಾರಣ ಫ್ಲೋರೈಡು ಅಂತ ಗೊತ್ತಾಗಿದ್ದು 1931ರಲ್ಲಿ, ಚರ್ಚಿಲ್ ಅನ್ನೋ ರಸಾಯನಶಾಸ್ತ್ರಜ್ಞರು ನೀರು ಪರೀಕ್ಷೆ ಮಾಡಿದ ಮೇಲೆ. ಮೂವತ್ತು ವರ್ಷ ಹಿಡೀತು! ನಮ್ಮ ದೇಶದಲ್ಲಿ 1937ರಲ್ಲಿ ಶಾರ್ಟ್ ಮತ್ತವರ ಜೊತೆಗಾರರು ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಮೊದಲು ವರದಿ ಮಾಡಿದ್ರು, ಆದ್ರೆ ಅದಕ್ಕೂ ಮುಂಚೆ ಆ ಕಡೆ ರೈತರು ಎತ್ತುಗಳ ಕಾಲು ಸೆಟೆದುಕೊಂಡು ನಡೆಯೋಕಾಗದೆ ಇರೋದನ್ನ ಗಮನಿಸಿದ್ರು. ಡಾಕ್ಟ್ರುಗಳಿಗಿಂತ ಮೊದಲು ಕಂಡಿದ್ದು ಆರಂಬದವರ ಕಣ್ಣಿಗೆ, ಇದು ನನಗೆ ತುಂಬಾ ದೊಡ್ಡ ವಿಷಯ ಅನ್ಸುತ್ತೆ.

ಮೈಯೊಳಗೆ ಏನಾಗುತ್ತೆ ಅಂದ್ರೆ, ಒಳಗೆ ಹೋದ ಫ್ಲೋರೈಡಲ್ಲಿ ಸ್ವಲ್ಪ ಭಾಗವನ್ನ ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತೆ, ಉಳಿದಿದ್ದು ಹೆಚ್ಚುಕಮ್ಮಿ ಪೂರ್ತಿ ಮೂಳೆಗೂ ಹಲ್ಲಿಗೂ ಸೇರುತ್ತೆ. ಮಕ್ಕಳ ಮೈ ದೊಡ್ಡವರಿಗಿಂತ ಜಾಸ್ತಿ ಇಟ್ಕೊಳ್ಳುತ್ತೆ, ಕಿಡ್ನಿ ತೊಂದರೆ ಇರೋರ ಮೈಯಲ್ಲೂ ಜಾಸ್ತಿ ಉಳಿಯುತ್ತೆ. ಹಲ್ಲಿನ ಹೊರಕವಚ ತಯಾರಾಗೋದು ಹುಟ್ಟಿಂದ ಸುಮಾರು ಎಂಟು ವರ್ಷದೊಳಗೆ, ಹಲ್ಲಿಗೆ ಪೆಟ್ಟು ಬೀಳೋದೂ ಆಗಲೇ. ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಅಡ್ಡಡ್ಡ ಹಳದಿ, ಕಂದು ಗೆರೆ, ಎಡಗಡೆ ಬಲಗಡೆ ಒಂದೇ ಥರ. ಬ್ರಷ್ ಮಾಡಲ್ಲ ಇವನು ಅಂತ ಮಗುನ ಬೈತಾರೆ, ಪಾಪ ಅದು ಬ್ರಷ್ ಮಾಡಿದ್ರೂ ಹೋಗಲ್ಲ, ಕಲೆ ಹಲ್ಲಿನೊಳಗೇ ಇರೋದು. ಒಂದು ಊರಲ್ಲಿ ಹೈಸ್ಕೂಲ್ ಹೆಣ್ಣುಮಗಳೊಬ್ಬಳು ಮಾತಾಡುವಾಗೆಲ್ಲಾ ಬಾಯಿಗೆ ಕೈ ಅಡ್ಡ ಇಟ್ಕೊಳ್ತಿದ್ಲು, ನಗುವಾಗಲೂ ಅಷ್ಟೇ. ಅವಳದೇನು ತಪ್ಪು ಹೇಳಿ.

ಮೂಳೆದು ನಿಧಾನ. ಲೀಟರಿಗೆ 3ರಿಂದ 6 ಮಿಲಿಗ್ರಾಂ ಇರೋ ನೀರನ್ನ ತುಂಬಾ ವರ್ಷ ಕುಡಿದ್ರೆ ಮೂಳೆ, ಕೀಲಿನ ತೊಂದರೆ ಕಾಣಿಸ್ಕೋಬಹುದು. ಸೊಂಟ ಹಿಡಿಯೋದು, ಕತ್ತು ತಿರುಗದೇ ಇರೋದು, ಬೆಳಿಗ್ಗೆ ಎದ್ದಾಗ ಕೀಲು ಮರಗಟ್ಟಿದಂಗೆ ಇರೋದು. ವಯಸ್ಸಾಯ್ತು, ವಾಯು, ಮಂಡಿ ಸವೆದಿದೆ ಅಂತ ಹೇಳ್ಕೊಂಡು ನೋವಿನ ಮಾತ್ರೆ ನುಂಗ್ತಾ ಇರ್ತಾರೆ. ಆರೋಗ್ಯ ಇಲಾಖೆಯವರು ಊರಲ್ಲೇ ಮಾಡೋ ಮೂರು ಸರಳ ಪರೀಕ್ಷೆ ಇದಾವೆ, ನೀವೂ ಮನೇಲಿ ಮಾಡಿ ನೋಡಬಹುದು. ನೆಲದ ಮೇಲೆ ಒಂದು ನಾಣ್ಯ ಹಾಕಿ ಮಂಡಿ ಮಡಿಸದೆ ಬಗ್ಗಿ ಎತ್ಕೊಳ್ಳೋದು, ಗದ್ದ ಎದೆಗೆ ಮುಟ್ಟಿಸೋದು, ಎರಡೂ ಕೈ ಪಕ್ಕಕ್ಕೆ ಚಾಚಿ ಮೊಣಕೈ ಮಡಿಸಿ ತಲೆ ಹಿಂದೆ ಇಟ್ಕೊಳ್ಳೋದು. ಆಗ್ಲಿಲ್ಲ ಅಂದ ತಕ್ಷಣ ಅದು ಫ್ಲೋರೋಸಿಸ್ಸೇ ಅಂತಲ್ಲ, ಬೇರೆ ಕಾರಣನೂ ಇರುತ್ತೆ, ಆದ್ರೆ ಮೂತ್ರದಲ್ಲಿ ಫ್ಲೋರೈಡ್ ಪರೀಕ್ಷೆ, ಎಕ್ಸ್‌ರೇ ಮಾಡಿಸೋಕೆ ಅಷ್ಟು ಸಾಕು ಕಾರಣ. ಬೇಗ ನೀರು ಬದಲಾಯಿಸಿದ್ರೆ ಶುರುವಿನ ನೋವು ಕಮ್ಮಿ ಆಗೋದುಂಟು. ಮೂಳೆ ಸೊಟ್ಟ ಆದ್ಮೇಲೆ ಅದನ್ನ ವಾಪಸ್ ತರೋ ಔಷಧಿ ಇಲ್ಲ.

ಈಗ ಮಿಷನ್‌ಗಳ ವಿಷಯ. ಮನೆ ಬಾಗಿಲಿಗೆ ಫಿಲ್ಟರ್ ಮಾರೋಕೆ ಬರೋರು ಪೆನ್ ಥರದ ಒಂದು ಟಿಡಿಎಸ್ ಮೀಟರ್ ಅದ್ದಿ ನೋಡಿ ನಂಬರ್ ಅಂತ ತೋರಿಸ್ತಾರೆ, ನನಗೆ ತುಂಬಾ ಸಿಟ್ಟು ಬರಿಸೋ ವಿಷಯ ಇದು. ಆ ಮೀಟರ್ ಅಳೆಯೋದು ನೀರಲ್ಲಿ ಕರಗಿರೋ ಎಲ್ಲಾ ಲವಣದ ಒಟ್ಟು ಅಂದಾಜು. ಟಿಡಿಎಸ್ 400 ಇರೋ ನೀರಲ್ಲಿ ಫ್ಲೋರೈಡು 3 ಇರಬಹುದು, 900 ಇರೋದ್ರಲ್ಲಿ 0.5 ಇರಬಹುದು. ಫ್ಲೋರೈಡಿಗೆ ಬೇರೆ ಪರೀಕ್ಷೇನೇ ಬೇಕು. ಫೀಲ್ಡ್ ಕಿಟ್ಟಲ್ಲಿ ನೀರಿಗೆ ಜಿರ್ಕೋನಿಯಂ ಇರೋ ಬಣ್ಣದ ದ್ರಾವಣ ಹಾಕ್ತಾರೆ, ಫ್ಲೋರೈಡು ಜಾಸ್ತಿ ಇದ್ದಷ್ಟೂ ಆ ಬಣ್ಣ ಬದಲಾಗುತ್ತೆ, ಚಾರ್ಟ್ ಪಕ್ಕ ಹಿಡಿದು ಓದಬಹುದು. ಜಲಜೀವನ್ ಮಿಷನ್ನಲ್ಲಿ ಪ್ರತಿ ಊರಲ್ಲೂ ಐದು ಜನ ಹೆಣ್ಣುಮಕ್ಕಳಿಗೆ ಕಿಟ್ ಬಳಸೋ ತರಬೇತಿ ಕೊಡಬೇಕು ಅಂತಿದೆ, ನಿಮ್ಮ ಊರಲ್ಲಿ ಅವರು ಯಾರು, ಕಿಟ್ ಎಲ್ಲಿದೆ ಅಂತ ಪಂಚಾಯ್ತಿಲಿ ಕೇಳಿ. ಸಿಕ್ಕ ನಂಬರನ್ನ ಫೈಲಲ್ಲಿ ಇಡೋದು ಬೇಡ, ನೀರಿನ ಟ್ಯಾಂಕ್ ಮೇಲೆ ಪೇಂಟಲ್ಲಿ ತಾರೀಕು ಸಮೇತ ಬರೆಸಿ. ಬೇಸಿಗೆ ಕೊನೇಲಿ ಒಂದ್ಸಲ, ಮಳೆಗಾಲ ಮುಗಿದ ಮೇಲೆ ಒಂದ್ಸಲ.

ತೆಗೆಯೋ ವಿಧಾನಗಳಲ್ಲಿ ಹಳೇದು ನಲ್ಗೊಂಡ ವಿಧಾನ, ನಾಗಪುರದ ‘ನೀರಿ’ ಅಂದ್ರೆ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆದು. ಪಟಿಕದ ಥರದ ಆಲಂ, ಸುಣ್ಣ, ಬ್ಲೀಚಿಂಗ್ ಪುಡಿ ಹಾಕಿ ಕಲಸಿ, ಗಸಿ ಕೂತ ಮೇಲೆ ಸೋಸೋದು. ಅಗ್ಗ, ಆದ್ರೆ ಅಳತೆ ತಪ್ಪಿದ್ರೆ ನೀರಲ್ಲಿ ಅಲ್ಯೂಮಿನಿಯಂ ಉಳಿಯುತ್ತೆ, ಗಸಿ ಎಲ್ಲಿ ಹಾಕೋದು ಅನ್ನೋದೂ ತಲೆನೋವು. ಆಕ್ಟಿವೇಟೆಡ್ ಅಲ್ಯೂಮಿನಾ ಅನ್ನೋ ಅಲ್ಯೂಮಿನಿಯಂ ಆಕ್ಸೈಡಿನ ಕಾಳು ಫ್ಲೋರೈಡನ್ನ ಚೆನ್ನಾಗಿ ಹೀರುತ್ತೆ, ತುಂಬಿದ ಮೇಲೆ ಕಾಸ್ಟಿಕ್ ಸೋಡಾ, ಆಸಿಡ್ ಹಾಕಿ ತೊಳೀಬೇಕು, ಊರಲ್ಲಿ ಅದನ್ನ ಯಾರು ಮಾಡ್ತಾರೆ.

ನಮ್ಮೂರುಗಳಲ್ಲಿ ಈಗ ಇರೋದು ಆರ್‌ಓ, ಅಂದ್ರೆ ಒತ್ತಡ ಕೊಟ್ಟು ಮೆಂಬ್ರೇನ್ ಅನ್ನೋ ತೆಳು ಪೊರೆ ಮೂಲಕ ನೀರು ಸೋಸೋ ಶುದ್ಧ ಕುಡಿಯುವ ನೀರಿನ ಘಟಕ, ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರ್ ಕ್ಯಾನ್ ತುಂಬೋದು. ಚೆನ್ನಾಗಿ ನೋಡ್ಕೊಂಡ್ರೆ ಫ್ಲೋರೈಡಲ್ಲಿ ನೂರಕ್ಕೆ ತೊಂಬತ್ತು ತೆಗೆಯುತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಒಂದು ಲೆಕ್ಕ ಹಾಕೋಣ. ಫ್ಲೋರೈಡು 3 ಇರೋ ಸಾವಿರ ಲೀಟರ್ ಒಳಗೆ ಬಿಟ್ರಿ, ಒಟ್ಟು 3000 ಮಿಲಿಗ್ರಾಂ. ಐನೂರು ಲೀಟರ್ ಒಳ್ಳೆ ನೀರು 0.3ರ ಲೆಕ್ಕದಲ್ಲಿ ಹೊರಗೆ ಬಂತು, ಅದ್ರಲ್ಲಿ ಹೋಗಿದ್ದು 150. ಉಳಿದ 2850 ಮಿಲಿಗ್ರಾಂ ಎಲ್ಲಿ? ಹಿಂದಿನ ಪೈಪಲ್ಲಿ ಚರಂಡಿಗೆ ಹೋಗೋ ಐನೂರು ಲೀಟರಲ್ಲಿ, ಅಂದ್ರೆ ಲೀಟರಿಗೆ 5.7. ಆ ನೀರು ಘಟಕದ ಹಿಂದೇನೇ ಗುಂಡಿ ಬಿದ್ದು ನಿಂತಿರುತ್ತೆ, ದನ ಕುಡೀತಾವೆ. ಇಡೀ ಊರಿಗೆ ಹೀಗೇ ಮಾಡ್ತೀವಿ ಅಂದ್ರೆ ಮೊದಲೇ ಇಲ್ಲದ ನೀರಲ್ಲಿ ಅರ್ಧ ಹಾಳು. ಇನ್ನು ಮೆಂಬ್ರೇನ್ ಹಾಳಾದ್ರೂ ಮಿಷನ್ ಓಡ್ತಾ ಇರುತ್ತೆ. ನಾನು ನೋಡಿದ ಒಂದು ಘಟಕದಲ್ಲಿ ಒಳಗೆ ಹೋಗೋ ನೀರಿಗೂ ಹೊರಗೆ ಬರೋ ನೀರಿಗೂ ಹೇಳ್ಕೊಳ್ಳೋ ವ್ಯತ್ಯಾಸವೇ ಇರ್ಲಿಲ್ಲ, ಜನ ದಿನಾ ದುಡ್ಡು ಹಾಕಿ ಅದೇ ನೀರು ಹೊತ್ಕೊಂಡು ಹೋಗ್ತಿದ್ರು.

ಹಂಗಾಗಿ ನಾನು ಹೇಳೋದು, ಊರಿನ ಅಷ್ಟೂ ನೀರನ್ನ ಶುದ್ಧ ಮಾಡೋಕೆ ಹೋಗಬೇಡಿ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರ್ ನೀರೇ ಇರಲಿ, ಫ್ಲೋರೈಡು ಚರ್ಮದಿಂದ ಒಳಗೆ ಹೋಗೋದು ಲೆಕ್ಕಕ್ಕೆ ಬರಲ್ಲ. ಬಾಯಿಗೆ ಹೋಗೋ ನೀರು ಮಾತ್ರ ನೋಡ್ಕೊಳ್ಳಿ, ಕುಡಿಯೋಕೂ ಅಡುಗೆಗೂ ಸೇರಿ ಐದು ಜನರ ಮನೆಗೆ ದಿನಕ್ಕೆ ಇಪ್ಪತ್ತೈದು ಲೀಟರ್. ಅಡುಗೆಗೂ ಅಂತ ಒತ್ತಿ ಹೇಳ್ತಾ ಇದೀನಿ. ಕ್ಯಾನ್ ನೀರು ಕುಡಿಯೋಕೆ ಇಟ್ಕೊಂಡು ಮುದ್ದೆಗೆ ಎಸರು ನಲ್ಲಿ ನೀರಲ್ಲೇ ಇಡ್ತಾರೆ, ಅನ್ನ, ಸಾರು, ಕಾಫಿ ಎಲ್ಲಾ ಅದರಲ್ಲೇ. ಹೊಲದಲ್ಲಿ ದುಡಿಯೋನು ದಿನಕ್ಕೆ ನಾಲ್ಕು ಲೀಟರ್ ಕುಡಿದ್ರೆ, 3ರ ನೀರಲ್ಲಿ ಅದೇ 12 ಮಿಲಿಗ್ರಾಂ ಆಯ್ತು, ಊಟದ್ದು ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ದಿನಕ್ಕೆ ಒಟ್ಟು 6 ದಾಟಿದ್ರೆ ಮೂಳೆಗೆ ಅಪಾಯ ಹೆಚ್ಚೋ ಸೂಚನೆ ಇದೆ, 14 ಅಂದ್ರೆ ಅಪಾಯ ಸ್ಪಷ್ಟ.

ಆ ಇಪ್ಪತ್ತೈದು ಲೀಟರ್ ಎಲ್ಲಿಂದ ತರೋದು? ನಿಮ್ಮ ಸೂರಿಂದ. ಐದೂವರೆ ಚದರದ ಮನೆ ಅಂದ್ರೆ ಸುಮಾರು 50 ಚದರ ಮೀಟರ್ ಚಾವಣಿ, 600 ಮಿಲಿಮೀಟರ್ ಮಳೆ ಬಿದ್ರೆ 30,000 ಲೀಟರ್, ಐದರಲ್ಲಿ ಒಂದು ಪಾಲು ಹಾಳಾಯ್ತು ಅಂತ ಬಿಟ್ರೂ 24,000. ದಿನಕ್ಕೆ 25ರಂತೆ ವರ್ಷಕ್ಕೆ ಬೇಕಾಗಿರೋದು 9,125. ಮಳೆ ಇಲ್ಲದ ಆರು ತಿಂಗಳಿಗೆ ಅಂತ ನೋಡಿದ್ರೆ 4,500 ಲೀಟರ್, ಐದು ಸಾವಿರದ ಒಂದು ಮುಚ್ಚಿದ ತೊಟ್ಟಿ ಸಾಕು. ಮೊದಲ ಮಳೆ ನೀರು ಹೊರಗೆ ಬಿಡಬೇಕು, ಬಿಸಿಲು, ಸೊಳ್ಳೆ ಒಳಗೆ ಹೋಗಬಾರದು, ಕುಡಿಯೋ ಮುಂಚೆ ಕುದಿಸಬೇಕು. ಮಳೆ ಕೈಕೊಟ್ಟ ವರ್ಷಕ್ಕೆ ಆರ್‌ಓ ಘಟಕ ಇರಲಿ. ಪಶ್ಚಿಮ ಘಟ್ಟದ ನೀರನ್ನ ಪೂರ್ವದ ಒಣ ತಾಲ್ಲೂಕುಗಳಿಗೆ ಕಾಲುವೆಲಿ ತರೋ ಎತ್ತಿನಹೊಳೆ ಯೋಜನೆದು ಮೊದಲ ಹಂತ 2024ರ ಸೆಪ್ಟೆಂಬರಲ್ಲಿ ಶುರುವಾಗಿದೆ, ನದಿ ನೀರು ಮನೆ ನಲ್ಲಿಗೆ ಬಂದ್ರೆ ಬಹಳ ಸಂತೋಷ, ಆದ್ರೆ ಇವತ್ತು ಮೂರು ವರ್ಷ ಆಗಿರೋ ಮಗುವಿನ ಹಲ್ಲು ಕಾಲುವೆಗೋಸ್ಕರ ಕಾಯಲ್ಲ.

ರಾಗಿ ಬಿಡಬೇಡಿ, ಅದೂ ಇದರಲ್ಲಿ ಸೇರಿದ್ದೇ. ನೂರು ಗ್ರಾಂ ರಾಗಿಲಿ 340 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಊಟದ ಜೊತೆ ಕ್ಯಾಲ್ಸಿಯಂ ಇದ್ರೆ ಹೊಟ್ಟೆ ಹೀರ್ಕೊಳ್ಳೋ ಫ್ಲೋರೈಡು ಕಮ್ಮಿ ಆಗುತ್ತೆ. ಮಜ್ಜಿಗೆನೂ ಹಂಗೇ. ಟೀ ಸೊಪ್ಪಲ್ಲಿ ಫ್ಲೋರೈಡು ಇರುತ್ತೆ, ಕಡು ಟೀ ಮೇಲೆ ಟೀ ಕುಡಿಯೋರು ಸ್ವಲ್ಪ ಕಮ್ಮಿ ಮಾಡಿ.

ನನ್ನ ಮಾತು ಇಷ್ಟೇ, ಪ್ರಶ್ನೆ ಇದ್ರೆ ಕೇಳಿ. ಮನೆ ನೀರು ತಂದಿರೋರು ಆ ಮೇಜಿನ ಹತ್ರ ಹುಡುಗ್ರಿಗೆ ಕೊಡಿ, ಗಾಜಿನ ಬಾಟ್ಲಿ ಬೇಡ, ಪ್ಲಾಸ್ಟಿಕ್ಕೇ ಆಗಬೇಕು, ಚೀಟಿ ಮೇಲೆ ಹೆಸರಿಗಿಂತ ಮುಖ್ಯವಾಗಿ ಯಾವ ಬೋರಿಂದು, ಎಷ್ಟು ಅಡಿ, ಯಾವತ್ತು ಹಿಡಿದಿದ್ದು ಅಂತ ಬರೀರಿ.